‘ನೋಡೋಣ’ ಎಂದು ಎತ್ತಿಟ್ಟ ಜಾತಕ

ಗ್ಯಾಸ್ ಪುಸ್ತಕ ಹುಡುಕಲು ಅಪ್ಪನ ಬೀರು ತೆಗೆದರೆ ಕೈಗೆ ಬಂದದ್ದು ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಲಕೋಟೆ. ಒಳಗೆ ಅಕ್ಕನ ಜಾತಕ. ಅದು ಅಲ್ಲಿರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಕಂಡಾಗಲೆಲ್ಲ ಅದರ ಮೇಲೆ ಒಂದು ಪಂಚೆ ಎಳೆದು ಬೀರು ಮುಚ್ಚಿದ್ದೇನೆ. ಇದಕ್ಕೆ ನಿಷ್ಕ್ರಿಯತೆ ಅನ್ನುತ್ತಾರೆ. ಮನೆಯೊಳಗೆ ಯಾರೂ ಆಡದ ಮಾತು ಅದು. ಇನ್ನೊಬ್ಬರು ಸುಮ್ಮನಿದ್ದರೆ ಸೋಮಾರಿತನ, ನಾವು ಸುಮ್ಮನಿದ್ದರೆ ತಾಳ್ಮೆ, ಕಚೇರಿಯಾದರೆ ‘ಪರಿಶೀಲನೆಯಲ್ಲಿದೆ’. ನಮ್ಮಪ್ಪನ ಬಾಯಲ್ಲಿ ಅದರ ಹೆಸರು ‘ನೋಡೋಣ’.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಕ್ಕ ಎಂ.ಎ. ಕೊನೆಯ ವರ್ಷದಲ್ಲಿದ್ದಳು. ಶ್ರೀರಾಂಪುರದ ಒಂದು ಮನೆಯಿಂದ ಹುಡುಗನ ಜಾತಕ ಬಂತು, ಅಕ್ಕನದು ಅಲ್ಲಿಗೆ ಹೋಯಿತು. ನಮ್ಮಲ್ಲಿ ಸಂಬಂಧ ಬೇಡವೆಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಜಾತಕ ವಾಪಸ್ ಮುಟ್ಟಿಸಿದರೆ ಬೇಡವೆಂದರ್ಥ. ವಾಪಸ್ಸೂ ಮಾಡದೆ ಮಾತೂ ಆಡದೆ ಇಟ್ಟುಕೊಂಡರೆ ಏನರ್ಥ? ಅಪ್ಪ ಆರು ತಿಂಗಳು ಹಾಗೇ ಇಟ್ಟುಕೊಂಡಿದ್ದರು. ನನಗೆ ಅನುಮಾನ: ಇನ್ನೂ ಒಳ್ಳೆಯದು ಬಂದರೆ ಬರಲಿ ಎಂದು ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಹಾಕಿದ್ದಾರೆ.

ಆ ವಾರವಷ್ಟೇ ‘ನಿಷ್ಕ್ರಿಯತೆಯೂ ಅಪರಾಧವೇ’ ಎಂಬ ಚರ್ಚಾಸ್ಪರ್ಧೆಯಲ್ಲಿ ಪರವಾಗಿ ಮಾತಾಡಿ ಗೆದ್ದಿದ್ದೆ. ಗೆದ್ದ ವಾದ ಮನೆಯಲ್ಲೂ ನಡೆಯುತ್ತದೆಂದು ನಂಬುವ ವಯಸ್ಸು.

“ಅವ್ರಿಗೆ ಹೌದು ಅಂತೀಯೋ ಇಲ್ಲ ಅಂತೀಯೋ, ಒಂದು ಹೇಳಪ್ಪ.”

“ನೋಡೋಣ ಬುಡೋ.”

“ಆರು ತಿಂಗಳಿಂದ ಏನು ನೋಡ್ತಿದ್ದೀಯ?”

“ನಿನ್ ಭಾಷಣ ನೋಡ್ತಿದ್ದೀನಿ ಕಣಪ್ಪಾ,” ಎಂದು ಪೇಪರ್ ಮಡಚಿ ಸ್ನಾನಕ್ಕೆ ಹೋದರು.

ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. “ನಿಂಗೆ ಆ ಹುಡುಗನ ಮೇಲೆ ಮನಸ್ಸಿದ್ಯಾ?” ಎಂದೆ. ಉತ್ತರವಿಲ್ಲ. ಕಾಳು ಸಿಪ್ಪೆ ಬಿಟ್ಟು ಬಟ್ಟಲಿಗೆ ಹಾರುತ್ತಿತ್ತು. ಮೌನವೆಂದರೆ ಇಲ್ಲ ಎಂದು ತೀರ್ಪು ಕೊಟ್ಟುಬಿಟ್ಟೆ. ಬೀರುವಿನಿಂದ ಹುಡುಗನ ಜಾತಕ ತೆಗೆದುಕೊಂಡು ವಿದ್ಯಾರಣ್ಯಪುರಂನಿಂದ ಶ್ರೀರಾಂಪುರಕ್ಕೆ ಸೈಕಲ್ ಹೊಡೆದೆ. ಹುಡುಗನ ತಾಯಿ ಲಕೋಟೆ ನೋಡಿ, “ನಿಮ್ ತಂದೆಯವ್ರು ಕಳ್ಸಿದ್ರಾ?” ಎಂದರು. “ಹೂಂ,” ಎಂದೆ. ಕಾಫಿ ಕೊಟ್ಟರು. ಕುಡಿದೆ ಕೂಡ.

ಮನೆಗೆ ಬಂದರೆ ಅಕ್ಕ ಅಲ್ಲೇ ಇದ್ದಳು.

“ಕೊಟ್ಬುಟ್ಯಾ?”

“ಯಾರಾದ್ರೂ ಕೊಡಬೇಕಿತ್ತಲ್ಲ.”

“ಪರೀಕ್ಷೆ ಮುಗಿಯೋ ತನಕ ತಡಿಯಪ್ಪ ಅಂತ ನಾನೇ ಕೇಳ್ಕೊಂಡಿದ್ದೆ ಕಣೋ,” ಎಂದಳು. “ಆಮೇಲೆ ಹೂಂ ಅನ್ನೋಣ ಅಂತ.”

ವಾರದೊಳಗೆ ಅಕ್ಕನ ಜಾತಕ ಅಂಚೆಯಲ್ಲಿ ವಾಪಸ್ ಬಂತು. ಈ ಲಕೋಟೆ ಅದೇ.

ಅಪ್ಪನ ‘ನೋಡೋಣ’ದೊಳಗೆ ಮಗಳಿಗೆ ಕೊಟ್ಟ ಮಾತಿತ್ತು, ಒಪ್ಪುತ್ತೇನೆ. ಹಾಗೆಂದು ಸುಮ್ಮನಿರುವವರೆಲ್ಲ ಜ್ಞಾನಿಗಳೆಂದು ನನ್ನ ಕೈಲಿ ಒಪ್ಪಿಸಬೇಡಿ. ಜಾತಕ ವಾಪಸ್ ಬಂದ ದಿನ ಅಪ್ಪ ಚಪ್ಪಲಿ ಮೆಟ್ಟಿ ಶ್ರೀರಾಂಪುರಕ್ಕೆ ಹೋಗಿ, ‘ನಮ್ ಹುಡುಗ ದುಡುಕ್ಬುಟ್ಟ’ ಎನ್ನಬಹುದಿತ್ತು. ಮತ್ತೆ ‘ನೋಡೋಣ’ ಎಂದು ಬೀರುವಿಗೆ ಹಾಕಿದರು. ಹೆಣ್ಣು ಕೊಡುವವರ ಬಿಗುಮಾನಕ್ಕೂ ಅದೇ ಹೆಸರು ಸಾಕಾಯಿತು. ನಾನೋ, ಅಪರಾಧವೆಂದು ಕಪ್ ಗೆದ್ದವನು, ಇಪ್ಪತ್ತು ನಿಮಿಷದ ದಾರಿಗೆ ಸೈಕಲ್ ತೆಗೆಯಲಿಲ್ಲ. ಆಮೇಲೆ ಆ ಹುಡುಗನಿಗೆ ಬೇರೆ ಕಡೆ ಆಯಿತು.

ಅಕ್ಕ ಈಗ ಪಾಠ ಹೇಳುತ್ತಾಳೆ. ಮದುವೆಯಾಗಲಿಲ್ಲ. ಅದಕ್ಕೆ ನಾನೇ ಕಾರಣವೆಂದುಕೊಳ್ಳುವುದೂ ನನ್ನ ಜಂಬವಿರಬಹುದು. ಇವತ್ತು ಭಾನುವಾರ, ಅವರೆಯ ಕಾಲ, ಅವಳು ಅದೇ ಮೆಟ್ಟಿಲ ಮೇಲಿದ್ದಾಳೆ. ಗ್ಯಾಸ್ ಪುಸ್ತಕ ಬಿಟ್ಟು ಲಕೋಟೆ ಹಿಡಿದು ಹೋದೆ.

“ಅವತ್ತು ಅಪ್ಪ ಕಳ್ಸಿದ್ದು ಅಂತ ಸುಳ್ಳು ಹೇಳಿದ್ದೆ ಅಕ್ಕ. ವಾಪಸ್ ಹೋಗಿ ನಿಜ ಹೇಳ್ಬೋದಿತ್ತು. ಹೋಗ್ಲಿಲ್ಲ. ತಪ್ಪಾಯ್ತು.”

“ಗೊತ್ತು. ದಿನಾ ಸೈಕಲ್ ಒರೆಸ್ತಿದ್ದೆ ನೀನು. ಇವತ್ತು ಹೊರಡ್ತಾನೆ, ಇವತ್ತು ಹೊರಡ್ತಾನೆ ಅಂತ ಒಂದು ವಾರ ನೋಡ್ದೆ ಕಣೋ.”

ಕಾಳಿನ ಬಟ್ಟಲನ್ನು ನನ್ನ ಕಡೆ ತಳ್ಳಿ ಸುಮ್ಮನಾದಳು. ಕ್ಷಮಿಸಿದಳೆಂದು ತೀರ್ಮಾನಿಸಿಬಿಡಬಹುದಿತ್ತು. ಹಿಂದೊಮ್ಮೆ ಇದೇ ಕಾಳಿನ ಮುಂದೆ ತೀರ್ಮಾನ ಮಾಡಿದ್ದೇನಲ್ಲ. ಈ ಸಲ ಬಾಯಿಬಿಟ್ಟು ಕೇಳಿದೆ. ಕೇಳಿ, ಉತ್ತರ ಬರುವ ತನಕ ಏಳದೆ ಕೂತೆ.