ಎರಡನೇ ಸಲ ಹೇಳಿದ ಸಾಕ್ಷಿ

ನನ್ನ ಅಣ್ಣನ ಬಲಗೈಯ ಮೂರು ಬೆರಳು ಈಗಲೂ ಮಡಚುವುದಿಲ್ಲ. ಬಲೆ ಸರಿಮಾಡುವುದಿರಲಿ, ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ಅತ್ತಿಗೆ ಬೇಕು. ಅದನ್ನು ಕಂಡಾಗಲೆಲ್ಲ ನನಗೆ ಒಬ್ಬನೇ ನೆನಪಾಗುತ್ತಾನೆ: ಗಂಗೊಳ್ಳಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಮನೆಯವನು.

ದೋಣಿ ಎಳೆದಿಡುವ ಜಾಗಕ್ಕಾಗಿ ಅವನಿಗೂ ಅಣ್ಣನಿಗೂ ಒಂದು ಬೆಳಿಗ್ಗೆ ಜಗಳವಾಗಿತ್ತು. "ನಿನ್ನ ಕೈ ಮುರಿತೆ ಕಾಣ್" ಎಂದು ಎಲ್ಲರೆದುರೇ ಹೇಳಿದ್ದ. ಅದೇ ದಿನ ಮುಸ್ಸಂಜೆ ಜಡಿಮಳೆ. ಶೆಡ್ಡಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದ ಅಣ್ಣನಿಗೆ ಯಾರೋ ಹಿಂದಿನಿಂದ ಬಂದು ಕಬ್ಬಿಣದ ರಾಡಿನಿಂದ ಬಲಗೈ ಮೇಲೆ ಹೊಡೆದರು. ಕೂಗು ಕೇಳಿ ಓಡಿದೆ. ನೀಲಿ ರೈನ್‌ಕೋಟಿನವನೊಬ್ಬ ತೆಂಗಿನ ಮರಗಳ ಕಡೆ ಓಡುತ್ತಿದ್ದ. ನಾಲ್ಕನೆಯ ಮನೆಯವನ ಹತ್ತಿರ ಅಂಥದೇ ಕೋಟಿತ್ತು. ಪೊಲೀಸರು ಕೇಳಿದಾಗ, "ಅಂವ್ನೇ. ನಾ ಕಂಡೆ" ಎಂದೆ. ಹೇಳಿದ್ದರಲ್ಲಿ ಸುಳ್ಳಿದೆ ಎಂದು ನನಗೆ ಅನ್ನಿಸಲೇ ಇಲ್ಲ.

ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಿದ ದಿನ ಅವನ ವಕೀಲರು ಬಂದಿರಲಿಲ್ಲ. ಇನ್ನೊಂದು ದಿನ ಕೊಡಿ ಎಂದು ಅವನು ಕೈಮುಗಿದು ಕೇಳಿದ. ನ್ಯಾಯಾಧೀಶರು ಒಪ್ಪಲಿಲ್ಲ; ಪಾಟೀ ಸವಾಲು ಇಲ್ಲ ಎಂದು ಬರೆಸಿ ನನ್ನನ್ನು ಕಳಿಸಿಬಿಟ್ಟರು. ಅವನು ಹಾಗೆ ಕೈಮುಗಿದು ನಿಂತದ್ದು ಕಂಡು ನನಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿಯಾಯಿತು. ಮೂರು ವರ್ಷ ಶಿಕ್ಷೆಯಾಯಿತು. ಅವನನ್ನು ವ್ಯಾನು ಹತ್ತಿಸುವಾಗ, ಅವನ ತಾಯಿಗೆ ಕಾಣುವ ಹಾಗೆ ನಿಂತು ನಕ್ಕೆ.

ಜಾಮೀನಿನ ಮೇಲೆ ಹೊರಬಂದು ಅವನು ಮೇಲ್ಮನವಿ ಹಾಕಿದ. ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು. ಅವನು ನಿರಪರಾಧಿ ಎಂದೇನೂ ಹೇಳಲಿಲ್ಲ. ಸಾಕ್ಷಿಯನ್ನು ಪ್ರಶ್ನಿಸಲು ಬಿಡದೆ ಯಾರನ್ನೂ ಶಿಕ್ಷಿಸುವ ಹಾಗಿಲ್ಲ, ನನ್ನನ್ನು ಮತ್ತೆ ಕರೆಸಿ ಹೊಸದಾಗಿ ತೀರ್ಮಾನಿಸಿ ಎಂದಿತು.

"ತಪ್ಪ್ ಮಾಡಿದ್ದ್ ಕೋರ್ಟ್. ನಾನೆಂತಕ್ಕೆ ಮತ್ತೆ ಹೋಯ್ಕ್?" ಎಂದು ಸರ್ಕಾರಿ ವಕೀಲರನ್ನು ಕೇಳಿದೆ.

"ಹೋಗಲೇಬೇಕಮ್ಮ. ಮೊದಲು ಹೇಳಿದ್ದನ್ನೇ ಹೇಳಿ" ಎಂದರು.

ಮೀನು ಕೊಯ್ಯುವಾಗ, ಬಟ್ಟೆ ಒಗೆಯುವಾಗ ಅದೊಂದೇ ಮಾತನ್ನು ಗಟ್ಟಿಮಾಡಿಕೊಂಡೆ. ಹಟ್ಟಿಯಂಗಡಿ ದೇವಸ್ಥಾನಕ್ಕೆ ಹೋಗಿ, ಈ ಸಲ ಅವನಿಗೆ ಜಾಮೀನೂ ಸಿಗದಿರಲಿ ಎಂದು ಹರಕೆ ಹೇಳಿಕೊಂಡೆ.

ಅವನ ಹೊಸ ವಕೀಲರು ನಮ್ಮ ಊರ ಕಡೆಯವರೇ, ವಯಸ್ಸಾದ ಹೆಂಗಸು. ಗದರಿಸಲಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲೇ ಕೇಳಿದರು.

"ಅಂವ ಓಡುವತಿಗೆ ನಿಮ್ಮ್ ಕಡೆ ತಿರ್ಗಿದ್ನಾ?"

"ಇಲ್ಲ."

"ಕೋಟಿನ್ ಟೊಪ್ಪಿ ಹಾಕಂಡಿದ್ನಾ?"

"ಹೌದ್."

"ಹಂಗಾರೆ ನೀವ್ ಮುಖ ಕಂಡ್ರ್ಯಾ?"

ಪೊಲೀಸರು ಇದನ್ನು ಕೇಳಿರಲಿಲ್ಲ. ಸರ್ಕಾರಿ ವಕೀಲರೂ ಕೇಳಿರಲಿಲ್ಲ. ನಾನೇ ನನ್ನನ್ನು ಕೇಳಿಕೊಂಡಿರಲಿಲ್ಲ. ಕಂಡೆ ಎನ್ನುವುದು ತುಟಿಯವರೆಗೆ ಬಂದಿತ್ತು. ಅಣ್ಣ ಹಿಂದಿನ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ಆ ಮುಸ್ಸಂಜೆಯನ್ನು ಎಷ್ಟು ನೆನೆದರೂ ನನಗೆ ಮಳೆ ಕಂಡಿತು, ಓಡುವ ಬೆನ್ನು ಕಂಡಿತು. ಆ ಬೆನ್ನಿಗೊಂದು ಮುಖ ಬರಲೇ ಇಲ್ಲ.

"ಕಾಣ್ಲಿಲ್ಲ. ಬೆನ್ನ್ ಮಾತ್ರ ಕಂಡದ್" ಎಂದೆ.

ವಾಪಸು ಬರುವ ಬಸ್ಸು ಸೇತುವೆ ದಾಟಿತು. ಪಕ್ಕದಲ್ಲಿದ್ದ ಅಣ್ಣ, "ಇಷ್ಟ್ ವರ್ಷ ಕಂಡೆ ಕಂಡೆ ಅಂದ್ಯಲ್ಲ" ಎಂದ.

"ಹೊಡದ್ದ್ ಅಂವ್ನೇ, ಅಣ್ಣ. ಆದ್ರೆ ಮುಖ ಕಾಣ್ಲಿಲ್ಲ."

ಅವನು ಕಿಟಕಿಯ ಕಡೆ ತಿರುಗಿದ. ಬಹಳ ತಿಂಗಳು ನನ್ನಿಂದ ಹಾಗೆಯೇ ಮುಖ ತಿರುಗಿಸಿಕೊಂಡಿದ್ದ.

ಮುಂದಿನ ತಿಂಗಳು ನಾಲ್ಕನೆಯ ಮನೆಯವನಿಗೆ ಬಿಡುಗಡೆಯ ತೀರ್ಪಾಯಿತು. ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ, ನನಗೆ ಆಗಿಲ್ಲ. ಅವನ ದೋಣಿ ದಡಕ್ಕೆ ಬಂದಾಗಲೆಲ್ಲ, ಇವತ್ತು ಬಾರದಿದ್ದರೆ ಚೆನ್ನಾಗಿತ್ತು ಎಂದೇ ಅನ್ನಿಸುತ್ತದೆ. ಆದರೂ ಇನ್ನೊಮ್ಮೆ ಕರೆಸಿ ಕೇಳಿದರೆ ಮುಖ ಕಾಣಲಿಲ್ಲ ಎಂದೇ ಹೇಳುತ್ತೇನೆ.

ತೀರ್ಪಾದ ಮರುದಿನ ಅವನ ತಾಯಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನಮ್ಮ ಜಗಲಿಗೆ ಬಂದರು.

"ಇದ್ದದ್ದ್ ಹೇಳಿ ನನ್ನ ಮಗನ್ನ ಉಳ್ಸ್ದೆ, ಮಗಳೆ."

"ಉಳ್ಸುಕೆ ಹೇಳಿದ್ದಲ್ಲ" ಎಂದೆ. "ಒಂದ್ ಕೇಳ್ತೆ, ನೀವೂ ಇದ್ದದ್ದೇ ಹೇಳಿ. ಅಣ್ಣಂಗೆ ಹೊಡ್ದ ಹೊತ್ತಿಗೆ ನಿಮ್ಮ್ ಮಗ ಮನಿಯೊಳ್ಗೆ ಇದ್ದಿದ್ನಾ?"

ಅವರು ನನ್ನ ಮುಖ ನೋಡಲಿಲ್ಲ. ಜಗಲಿಯ ಮೇಲಿಟ್ಟ ಹಣ್ಣನ್ನು ಎತ್ತಿಕೊಂಡು ಇಳಿದು ಹೋದರು.