ಅಂಗಳದಲ್ಲಿ ನಿಂತ ಇಂಗ್ಲಿಷ್ ಮಾಷ್ಟ್ರು

ನಮ್ಮ ಇಂಗ್ಲಿಷ್ ಮಾಷ್ಟ್ರ ಕರಿಕೋಟಿನ ಎರಡೂ ಮೊಣಕೈಗಳಿಗೆ ಮೀನುಬಲೆಯ ದಾರದ ದಪ್ಪ ಹೊಲಿಗೆ ಇತ್ತು. ದಾರ ಗಂಗೊಳ್ಳಿಯ ಶಿಷ್ಯನೊಬ್ಬ ತಂದುಕೊಟ್ಟದ್ದು, ಹೊಲಿಗೆ ಅವರದೇ. ಕೋಟದ ಕಡೆಯ ಪೂಜೆಯ ಮನೆತನದವರು ಹೀಗೆ ಓಡಾಡುವುದೇ ಎಂದು ಕುಂದಾಪುರದ ಪೇಟೆಯಲ್ಲಿ ಯಾರಾದರೂ ಮೂಗು ಮುರಿದರೆ, ಮೊಣಕೈಯನ್ನು ಇನ್ನಷ್ಟು ಮುಂದೆ ಚಾಚುತ್ತಿದ್ದರು.

ನಾನು ತಲ್ಲೂರಿನಿಂದ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಬರುತ್ತಿದ್ದ ಒಕ್ಕಲು ಮನೆಯ ಹುಡುಗಿ. ಅಪ್ಪಯ್ಯನದು ಚಾಲಗೇಣಿ. ಕಾಗದವಿಲ್ಲ, ಪತ್ರವಿಲ್ಲ, ಒಡೆಯರು ಬಿಡು ಎಂದ ವರ್ಷ ಗದ್ದೆ ಬಿಡಬೇಕು. ಒಡೆಯರ ಮನೆಗೆ ಹೋದರೆ ಹೆಗಲ ಬೈರಾಸು ವಸ್ತ್ರವನ್ನು ಸೊಂಟಕ್ಕೆ ಸುತ್ತಿ ಅಂಗಳದಲ್ಲೇ ನಿಲ್ಲಬೇಕು. ಒಕ್ಕಲು ಜಗಲಿ ಹತ್ತುವ ಕ್ರಮವಿರಲಿಲ್ಲ.

ಮಾಷ್ಟ್ರಿಗೆ ಶಬ್ದಗಳ ಹುಚ್ಚು. ಒಂದು ದಿನ ಪಾಠದಲ್ಲಿ ‘ವಿಲನ್’ ಬಂತು. ದುಷ್ಟ ಎಂದೆವು ನಾವು.

"ಈಗ ಹೌದ್. ಹಿಂದೆ ಎಂತ ಗೊತ್ತಿತ್ತಾ?" ಎಂದರು.

ಪುಸ್ತಕ ಮುಚ್ಚಿ ಕತೆಗೆ ಕೂತರು. ನೂರಾರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಒಡೆಯನ ಗದ್ದೆ ಉಳುವವನಿಗೆ ಆ ಹೆಸರಂತೆ. ಅಪ್ಪಣೆಯಿಲ್ಲದೆ ಅವನು ಊರು ಬಿಡುವಂತಿಲ್ಲ, ಮಗಳ ಮದುವೆ ಮಾಡುವಂತಿಲ್ಲ. ದೊಡ್ಡಮನೆಯವರ ಬಾಯಲ್ಲಿ ಆ ಶಬ್ದ ಮೊದಲು ಒರಟ ಎಂದಾಯಿತು, ಆಮೇಲೆ ನೀಚ, ಕೊನೆಗೆ ದುಷ್ಟ. ಗದ್ದೆಯವನೆಂಬ ಅರ್ಥ ಸತ್ತೇ ಹೋಯಿತು.

"ಅವ ಉಳುದ್ ಬಿಡ್ಲಿಲ್ಲ, ನೆಡುದ್ ಬಿಡ್ಲಿಲ್ಲ. ಶಬ್ದ ಕೆಡ್ಸಿದ್ದ್ ಅವ್ನ್ ಬೆಳ್ದ ಅನ್ನ ಉಂಡವ್ರ್ ಬಾಯಿ," ಎಂದರು ಮಾಷ್ಟ್ರು. ನನಗೆ ಮೈ ಬಿಸಿಯಾಯಿತು. ಅಪ್ಪಯ್ಯನನ್ನು ಒಡೆಯರ ಮನೆಯ ಸಣ್ಣ ಮಕ್ಕಳೂ ಏಕವಚನದಲ್ಲಿ ಕರೆಯುತ್ತಿದ್ದರು.

ಎಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಒಡೆಯರ ಮಗಳು ಹೆರಿಗೆಗೆ ಬಂದಳು. ಬಾಣಂತಿಯ ಚಾಕರಿಗೆ ಒಕ್ಕಲು ಮನೆಯ ಹೆಣ್ಣು ಹೋಗುವುದು ವಾಡಿಕೆ. ಬರಬೇಕೆಂಬ ಹೇಳಿಕೆ ನನಗೇ ಬಂತು. ಇಲ್ಲವೆಂದರೆ ಗದ್ದೆ ಹೋಗುತ್ತದೆ, ಹೂಂ ಎಂದರೆ ಪರೀಕ್ಷೆ. ನಾನು ಚಾಕರಿಗೆ ಹೋದೆ. ನಾಲ್ಕು ದಿನ ನಾನು ಶಾಲೆಯಲ್ಲಿ ಕಾಣಿಸದಿದ್ದಾಗ ಮಾಷ್ಟ್ರು ವಿಚಾರಿಸಿಕೊಂಡು, ಅಪ್ಪಯ್ಯನನ್ನೂ ಎಬ್ಬಿಸಿಕೊಂಡು ಒಡೆಯರ ಅಂಗಳಕ್ಕೇ ಬಂದುಬಿಟ್ಟರು. ಆ ಒಡೆಯರು ನಮ್ಮ ಶಾಲೆಯ ಕಮಿಟಿಯಲ್ಲೂ ಇದ್ದವರು.

"ಮಾಷ್ಟ್ರೇ, ಮೇಲ್ ಬನಿ, ಕೂಕಣಿ," ಎಂದರು ಒಡೆಯರು.

"ಇವ್ರ್ ಮೇಲ್ ಬಂದ್ರೆ ನಾನೂ ಬತ್ತೆ."

"ಅವ ಒಕ್ಕಲ್ ಅಲ್ದಾ?"

"ಹೌದ್. ಅದ್ಕೇ ನಾನ್ ಇಲ್ಲ್ ನಿಂತದ್ದ್. ಪರೀಕ್ಷೆ ಮುಗಿವರಿಗೆ ಅದ್ ಶಾಲಿ ಹೆಣ್ಣ್, ನಿಮ್ಮನಿ ಆಳಲ್ಲ."

ಕುಡಿಯಲು ಬೆಲ್ಲ ನೀರು ಬಂತು, ಮಾಷ್ಟ್ರು ಮುಟ್ಟಲಿಲ್ಲ. ಬಿಸಿಲಿನಲ್ಲಿ, ಆ ದಪ್ಪ ಕೋಟಿನಲ್ಲಿ, ಅಪ್ಪಯ್ಯನ ಪಕ್ಕ ನಿಂತೇ ಇದ್ದರು. ಪೂಜೆಯ ಮನೆತನದವರನ್ನು ಅಂಗಳದಲ್ಲಿ ಒಣಗಿಸಿದ ಹೆಸರು ಯಾರಿಗೆ ಬೇಕು? ಕೊನೆಗೆ ಒಡೆಯರು ಎದ್ದು ಒಳಗೆ ಹೋಗುತ್ತ ಅಂದರು: "ಹೆಣ್ಣ್ ಶಾಲಿಗೇ ಹೋಯ್ಲಿ. ಗದ್ದಿ ಮುಂದಿನ ವರ್ಷ ಕಾಂಬ."

ಮುಂದಿನ ವರ್ಷ ಅರ್ಧ ಗದ್ದೆ ಹೋಯಿತು, ಮಾಷ್ಟ್ರ ಕೆಲಸ ಪೂರ್ತಿ ಹೋಯಿತು. ಅವರು ಶಿರೂರಿನಲ್ಲಿ ಮನೆಪಾಠ ಹಿಡಿದರು. ನಾನು ಅಲ್ಲಿಗೆ ಹೋಗಿ, ನನ್ನಿಂದ ಹೀಗಾಯಿತು ಎಂದು ಅತ್ತೆ.

"ನಿನ್ನಿಂದ ಎಂತ ಆಯ್ತ್ ಹೆಣ್ಣೇ? ಮೇಲ್ ಹತ್ತದೇ ಇದ್ದದ್ದ್ ನಾನ್," ಎಂದು ರೇಗಿದರು. ತಮ್ಮ ತಂಟೆಯನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಸಲು ಅವರು ಒಪ್ಪುವವರೇ ಅಲ್ಲ.

ನಾನು ಬೈಂದೂರಿನ ಶಾಲೆಯಲ್ಲಿ ಟೀಚರಾದ ಎರಡನೆಯ ವರ್ಷ, ಕೊಯ್ಲಿನ ಕಾಲದ ಒಂದು ಬೆಳಿಗ್ಗೆ, ಮಾಷ್ಟ್ರು ತೀರಿಹೋದ ಸುದ್ದಿ ಬಂತು. ರಜೆ ಬರೆದು ಹೊರಡಿ ಎಂದರು ಹೆಡ್ಮಾಷ್ಟ್ರು. ಅಂದು ಒಕ್ಕಲು ಮಕ್ಕಳೆಲ್ಲ ಒಡೆಯರ ಗದ್ದೆಯಲ್ಲಿದ್ದರು. ಹೇಗೋ ತಪ್ಪಿಸಿಕೊಂಡು ನಾಲ್ಕೇ ನಾಲ್ಕು ಜನ ಶಾಲೆಗೆ ಬಂದಿದ್ದರು. ಅವರನ್ನು ಬಿಟ್ಟು ಹೆಣ ನೋಡಲು ಹೋಗಿದ್ದರೆ ಮಾಷ್ಟ್ರು ಎದ್ದು ಕೂತು ಬೈಯುತ್ತಿದ್ದರು. ನಾನು ರಜೆ ಬರೆಯಲಿಲ್ಲ. ಕಣ್ಣೊರೆಸಿಕೊಂಡು ಸಂಜೆಯ ಗಂಟೆ ಹೊಡೆಯುವವರೆಗೂ ಪಾಠ ಮಾಡಿದೆ.