ಎದುರು ಮಗ್ಗದವಳ ಬೆನ್ನು

ಗಿರಣಿ ಮುಚ್ಚಿಸಿದವರಿಗೇ ಕೊನೆಗೆ ಗಿರಣಿಯ ನೆನಪು ಉಕ್ಕಿ ಬಂತು. ಜನ ಬೆವರು ಸುರಿಸುತ್ತಿದ್ದಾಗ ಒಂದು ಫ್ಯಾನು ಹಾಕಿಸಲು ಕೈ ಬಾರದವರು, ಈಗ ನೇಯ್ಗೆ ಶೆಡ್ಡಿಗೆ ಏಸಿ ಹಾಕಿಸಿ, ಮಗ್ಗಗಳಿಗೆ ಬಣ್ಣ ಬಳಿದು, ಮ್ಯೂಸಿಯಂ ಅಂತ ಬೋರ್ಡು ತಗುಲಿಸಿದರು. ಪುಣ್ಯಾತ್ಮರು! ಮಗ್ಗಗಳಿಗೆ ಸೆಕೆಯಾಗಬಾರದಲ್ಲ.

ಉದ್ಘಾಟನೆಗೆ ಹಳೇ ಕೆಲಸಗಾರರನ್ನೂ ಕರೆದಿದ್ದರು. ಗಂಟಲಮ್ಮ ಹೋದಳು. ಹೆತ್ತವರಿಟ್ಟ ಹೆಸರು ಬೇರೆ. ಆದರೆ ಮಗ್ಗಗಳ ಗದ್ದಲಕ್ಕೆ ಕಿವಿ ಒಪ್ಪಿಸಿ ಬಂದವಳು "ಉಪ್ಪು ಕೊಡೇ" ಅಂದರೂ ಬೀದಿಗೆಲ್ಲ ಕೇಳಿಸುತ್ತಿತ್ತು. ಹೊಸತರಲ್ಲಿ ಸೊಸೆ, ಪಾಪ, ಅತ್ತೆ ಬೈತಿದ್ದಾರೆ ಅಂದುಕೊಂಡು ತವರಿಗೆ ಹೊರಟೇಬಿಟ್ಟಿದ್ದಳು.

ಶೆಡ್ಡಿನೊಳಗೆ ಮಾತ್ರ ಗಂಟಲಿಗೆ ಕೆಲಸವಿರಲಿಲ್ಲ. ಆ ಸದ್ದಿನಲ್ಲಿ ಎಲ್ಲರೂ ದನಿಯಿಲ್ಲದೆ ತುಟಿ ಆಡಿಸಿಯೇ ಮಾತಾಡುತ್ತಿದ್ದರು. ಗಂಟಲಮ್ಮ ಮತ್ತು ಎದುರು ಮಗ್ಗದವಳು ಮೇಸ್ತ್ರಿಯ ಬೊಕ್ಕತಲೆಯಿಂದ ಹಿಡಿದು ಮನೆಯ ಕಷ್ಟದವರೆಗೆ ಎಲ್ಲವನ್ನೂ ಹಾಗೇ ಹಂಚಿಕೊಂಡವರು. ಒಡಹುಟ್ಟಿದವರೂ ಹಾಗಿರುವುದಿಲ್ಲ.

ಒಂದು ದಿನ ಕಂಪನಿಯ ಜಾಹೀರಾತಿಗೆ ಫಿಲಂ ತೆಗೆಯುವವರು ಬಂದಿದ್ದರು. ಅವತ್ತೇ ಗಂಟಲಮ್ಮನ ಮಗ್ಗದಲ್ಲಿ ಬಟ್ಟೆ ಕೆಟ್ಟಿತು. ತಿರುಗಿ ನೋಡಿದರೆ ಎದುರು ಮಗ್ಗದವಳು ಇವಳಿಗೆ ಬೆನ್ನು ಹಾಕಿ ಮೇಸ್ತ್ರಿಗೆ ಏನೋ ಹೇಳುತ್ತಿದ್ದಾಳೆ! ಸಂಜೆ ಗಂಟಲಮ್ಮನನ್ನು ಮಗ್ಗದಿಂದ ತೆಗೆದು ಕಸ ಗುಡಿಸಲು ಹಾಕಿದರು. ಸಾಕ್ಷಿ ಬೇರೆ ಬೇಕೆ? ಚಾಡಿಕೋರಿ! ಆಮೇಲೆ ಅವಳು ಎಷ್ಟು ಸಲ ಎದುರು ಬಂದರೂ ಗಂಟಲಮ್ಮ ಮುಖ ತಿರುಗಿಸಿದಳು. ಗಿರಣಿಯವರ ಜಗಳಕ್ಕೆ ಅಷ್ಟು ಸಾಕು; ತುಟಿ ನೋಡದಿದ್ದರೆ ಮಾತು ಮುಗೀತು. ಮನಸ್ಸು ಬಿಚ್ಚಿ ಮಾತಾಡಲು ಅವಳ ಹೊರತು ಇನ್ನೊಬ್ಬರಿರಲಿಲ್ಲ, ಒಳಗೊಳಗೇ ಕೊರಗಿದ್ದೂ ನಿಜ. ಆದರೆ ಹಠ ಬಿಡಬೇಕಲ್ಲ! ಒಂದೇ ಬೀದಿಯ ಎದುರುಬದುರು ಮನೆಗಳಲ್ಲಿ ಇಬ್ಬರೂ ಹಾಗೇ ಮುದುಕಿಯರಾದರು.

ಮ್ಯೂಸಿಯಮ್ಮಿನ ಗೋಡೆಯ ಮೇಲೆ ಆ ಮೂಕಿ ಫಿಲಂ ಓಡುತ್ತಿತ್ತು. ಕೆಳಗೆ "ಹಾಡುತ್ತಾ ದುಡಿದ ನಗುಮೊಗಗಳು" ಅಂತ ಬರಹ, ಜೊತೆಗೆ ಕೊಳಲು ಬೇರೆ. "ಆಹಾ, ಎಷ್ಟು ಚೆನ್ನಾಗಿ ಹಾಡ್ತಿದ್ದಾರೆ!" ಎಂದು ಬಂದವರೆಲ್ಲ ತಲೆದೂಗಿದರು. ಗಂಟಲಮ್ಮ ಫಿಲಮ್ಮಿನಲ್ಲಿದ್ದ ಎದುರು ಮಗ್ಗದವಳ ತುಟಿಯನ್ನೇ ನೋಡುತ್ತಿದ್ದಳು. ಅವತ್ತು ಇವಳಿಗೆ ಕಂಡದ್ದು ಬೆನ್ನು. ಕ್ಯಾಮೆರಾ ನಿಂತಿದ್ದದ್ದು ಆ ಕಡೆ.

ಅವಳು ಮೇಸ್ತ್ರಿಗೆ ಕೈ ಮುಗಿಯುತ್ತಿದ್ದಳು. "ತಪ್ಪು ಅವಳದ್ದಲ್ಲ ಮೇಸ್ತ್ರಿಗಳೇ, ಮಗ್ಗದ್ದು. ಅವಳ ಹೊಟ್ಟೆ ಮೇಲೆ ಹೊಡೀಬೇಡಿ. ಬೇಕಾದ್ರೆ ನನ್ನನ್ನ ತೆಗೀರಿ."

"ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ!" ಗಂಟಲಮ್ಮ ಕೂಗಿದ ಕೂಗಿಗೆ ವೇದಿಕೆಯ ಭಾಷಣವೇ ನಿಂತಿತು. ಅಧ್ಯಕ್ಷರು "ಹಿರಿಯರು ಭಾವುಕರಾಗಿದ್ದಾರೆ" ಎಂದು ಚಪ್ಪಾಳೆ ಹೊಡೆಸಿದರು.

ಗಂಟಲಮ್ಮ ಚಹಾ ಕೂಡ ಕುಡಿಯದೆ ಮನೆ ಕಡೆ ಓಡೋಡಿ ಬಂದಳು. ಮಂಡಿನೋವಿನಿಂದ ಉದ್ಘಾಟನೆಗೆ ಬಾರದೆ ಉಳಿದಿದ್ದ ಎದುರು ಮನೆಯವಳು ಕಿಟಕಿಯಲ್ಲಿ ಕೂತಿದ್ದಳು. ಗಂಟಲಮ್ಮ ಬೀದಿ ಎಬ್ಬಿಸುವ ಗಂಟಲನ್ನು ಪಕ್ಕಕ್ಕಿಟ್ಟಳು. ಬೀದಿಯ ಈಚೆ ಬದಿಯಲ್ಲೇ ನಿಂತು, ಶೆಡ್ಡಿನಲ್ಲಿದ್ದಂತೆ ತುಟಿ ಆಡಿಸಿದಳು.

"ನಾನೊಂದು ಕತ್ತೆ ಕಣೇ."

ಅವಳು ಕನ್ನಡಕ ಸರಿಮಾಡಿಕೊಂಡು, ನಿಧಾನವಾಗಿ ತುಟಿ ಆಡಿಸಿದಳು.

"ಅದು ನಂಗೆ ಅವತ್ತೇ ಗೊತ್ತಿತ್ತು. ನೀನು ಈ ಕಡೆ ನೋಡಿದ್ರೆ ತಾನೇ ಹೇಳೋದು!"